ಟ್ಯೂಬು ಜರುಗಿರಲಿಲ್ಲ

ಹುಟ್ಟಿದ ಮಗುವಿನ ಶ್ವಾಸನಾಳದ ಉದ್ದ 4ರಿಂದ 5 ಸೆಂಟಿಮೀಟರು. ದೊಡ್ಡವರದು 10ರಿಂದ 12. ವರ್ಷ ತುಂಬಿದ ಮಗುವಿನಲ್ಲೂ ಅದು ಹೇಳಿಕೊಳ್ಳುವಷ್ಟು ಬೆಳೆದಿರುವುದಿಲ್ಲ. ಆಪರೇಷನ್ನಿಗಾಗಿ ಬಾಯಿಂದ ಇಳಿಸಿದ ಟ್ಯೂಬಿನ ತುದಿ ಈ ಗಿಡ್ಡ ನಾಳದ ನಡುವೆ ನಿಲ್ಲಬೇಕು. ಮೇಲೆ ಸರಿದರೆ ಧ್ವನಿಪೆಟ್ಟಿಗೆಯಿಂದ ಆಚೆ ಬಂದುಬಿಡುತ್ತದೆ. ಕೆಳಗೆ ಸರಿದರೆ ನಾಳ ಎರಡಾಗಿ ಕವಲೊಡೆಯುವ ಜಾಗ ದಾಟಿ, ಹೆಚ್ಚು ನೇರವಾಗಿರುವ ಬಲಗವಲಿಗೆ ಇಳಿದು, ಬಲ ಶ್ವಾಸಕೋಶಕ್ಕೆ ಮಾತ್ರ ಗಾಳಿ ಕೊಡುತ್ತದೆ. ದೊಡ್ಡವರಲ್ಲಿ ಒಂದು ಸೆಂಟಿಮೀಟರು ಆಚೀಚೆಯಾದರೆ ಸಾಮಾನ್ಯವಾಗಿ ನಡೆದುಹೋಗುತ್ತದೆ. ಮಕ್ಕಳಲ್ಲಿ ನಡೆಯುವುದಿಲ್ಲ.

ಇದನ್ನು ನಾನು ಅರಿವಳಿಕೆಯಲ್ಲಿ ಎಂ.ಡಿ. ಓದುವಾಗಲೇ ಕಲಿತಿದ್ದೆ, ಆಮೇಲೆ ವಿದ್ಯಾರ್ಥಿಗಳಿಗೆ ಕಲಿಸಿಯೂ ಇದ್ದೆ. ಆದರೂ ಒಂದೂ ಕಾಲು ವರ್ಷದ ಗಂಡುಮಗುವೊಂದು ನನ್ನ ಕೈಕೆಳಗೆ ಒಂದೇ ಶ್ವಾಸಕೋಶದಲ್ಲಿ ಉಸಿರಾಡುತ್ತಿದ್ದಾಗ ನನಗದು ತಿಳಿಯಲಿಲ್ಲ. ತಿಳಿಯದ್ದಕ್ಕೆ ಅಜ್ಞಾನ ಕಾರಣವಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಇನ್ನೊಂದು ಪುಸ್ತಕ ಓದಿದರೆ ಸಾಕಿತ್ತು. ಎಲ್ಲ ಗೊತ್ತಿದ್ದೂ ತಪ್ಪಿದೆ. ಆ ದಾರಿಯನ್ನು ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ಆ ದಾರಿಯಲ್ಲಿ ಪ್ರತಿ ಹೆಜ್ಜೆಯೂ ನನಗೆ ಸರಿಯಾಗಿಯೇ ಕಂಡಿತ್ತು.

ಮಗುವಿನ ಬಲಗಡೆಯ ಬೀಜ ಚೀಲಕ್ಕೆ ಇಳಿದಿರಲಿಲ್ಲ. ಕೈಗೆ ಸಿಗುತ್ತಿರಲಿಲ್ಲ, ಸ್ಕ್ಯಾನಿಂಗ್‌ನಲ್ಲೂ ಕಂಡಿರಲಿಲ್ಲ. ಬೀಜ ಹೊಟ್ಟೆಯ ಶಾಖದಲ್ಲೇ ಉಳಿದರೆ ಮುಂದೆ ಸಂತಾನಶಕ್ತಿ ಕುಗ್ಗಬಹುದು, ಗೆಡ್ಡೆಯಾಗುವ ಅಪಾಯ ಹೆಚ್ಚುತ್ತದೆ. ಅದಕ್ಕೇ ಒಂದೂವರೆ ವರ್ಷದೊಳಗೆ ಕೆಳಗಿಳಿಸುವುದು ಒಳ್ಳೆಯದು. ಹೊಟ್ಟೆಯನ್ನು ದೊಡ್ಡದಾಗಿ ಕೊಯ್ದು ಹುಡುಕುವ ಬದಲು ಹೊಕ್ಕುಳಲ್ಲಿ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ ನೋಡುವುದು ಈಗಿನ ಕ್ರಮ. ನೋವು ಕಡಿಮೆ, ಗಾಯ ಕಡಿಮೆ, ಮಗು ಬೇಗ ಮನೆಗೆ ಹೋಗುತ್ತದೆ. ಕೀಹೋಲ್ ಆಪರೇಷನ್ ಎಂದು ತಾಯ್ತಂದೆಯರಿಗೆ ಹೇಳಿದರೆ ಅವರ ಮುಖದಲ್ಲಿ ಭಯ ಅರ್ಧಕ್ಕಿಳಿಯುತ್ತದೆ. ಸಣ್ಣ ರಂಧ್ರ ಎಂದರೆ ಸಣ್ಣ ಆಪರೇಷನ್ ಎಂದೇ ಅವರಿಗನಿಸುತ್ತದೆ. ಅರಿವಳಿಕೆಯ ಕಡೆಯಿಂದ ನೋಡಿದರೆ ಮಾತ್ರ ಇದು ತೆರೆದ ಆಪರೇಷನ್ನಿಗಿಂತ ಹೆಚ್ಚು ಕೆಲಸದ್ದು.

ಯಾಕೆಂದರೆ ಕ್ಯಾಮೆರಾಕ್ಕೆ ಒಳಗೆ ಜಾಗ ಬೇಕು. ಜಾಗ ಮಾಡಲು ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಬೇಕು. ದೊಡ್ಡವರಲ್ಲಿ 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡ ಬಳಸಿದರೆ ಕೂಸುಗಳಲ್ಲಿ 6ರಿಂದ 8ಕ್ಕೆ ನಿಲ್ಲಿಸುತ್ತೇವೆ. ಅಷ್ಟು ಒತ್ತಡಕ್ಕೇ ಹೊಟ್ಟೆ ಡೊಳ್ಳಾಗುತ್ತದೆ, ಹೊಟ್ಟೆಗೂ ಎದೆಗೂ ನಡುವಿನ ವಪೆ, ಅಂದರೆ ಡಯಾಫ್ರಂ, ಮೇಲಕ್ಕೆ ತಳ್ಳಲ್ಪಡುತ್ತದೆ. ಕೂಸುಗಳ ಉಸಿರಾಟ ಬಹುಮಟ್ಟಿಗೆ ವಪೆಯ ಮೇಲೇ ನಿಂತಿದೆ. ಬೀಜ ಹುಡುಕುವಾಗ ಕರುಳು ಪಕ್ಕಕ್ಕೆ ಸರಿಯಲೆಂದು ಟೇಬಲ್ಲಿನ ತಲೆಯ ಭಾಗವನ್ನು ತಗ್ಗಿಸುತ್ತಾರೆ. ಆಗ ಹೊಟ್ಟೆಯ ಭಾರವೂ ಎದೆಯ ಮೇಲೆ ಬರುತ್ತದೆ. ತುಂಬಿದ ಅನಿಲ ರಕ್ತಕ್ಕೆ ಸೇರಿ ಅಲ್ಲಿನ ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಇತ್ತ, ಕೂಸಿನ ದೇಹ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಸುಮಾರು ಎರಡು ಪಟ್ಟು ಆಕ್ಸಿಜನ್ ಬಳಸುತ್ತದೆ. ಶ್ವಾಸಕೋಶದಲ್ಲಿ ಉಳಿತಾಯವೂ ಕಡಿಮೆ. ಉಸಿರು ನಿಂತರೆ ಒಂದೂವರೆ ನಿಮಿಷದ ಆಸುಪಾಸಿನಲ್ಲೇ ಆಕ್ಸಿಜನ್ ಕುಸಿಯತೊಡಗುತ್ತದೆ.

ಮಗುವಿನ ಮನೆಯವರು ಹಾವೇರಿ ಕಡೆಯ ಹಳ್ಳಿಯವರು. ತಂದೆ, ತಾಯಿ, ಅಜ್ಜಿ ಮೂವರೂ ಬಂದಿದ್ದರು. ಹಿಂದಿನ ವಾರ ಮಗುವಿಗೆ ನೆಗಡಿಯಾಗಿತ್ತೆಂದು ತಾಯಿ ತಾನಾಗಿಯೇ ಹೇಳಿದಳು. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದೆ, ಸ್ವಚ್ಛವಾಗಿತ್ತು. ಜ್ವರವಿರಲಿಲ್ಲ. ಮುಂದೂಡುವ ಅಗತ್ಯವಿಲ್ಲ ಎಂದು ನಿರ್ಧರಿಸಿದೆ. ಆ ನಿರ್ಧಾರ ತಪ್ಪಿರಲಿಲ್ಲ ಎಂದೇ ಈಗಲೂ ಅಂದುಕೊಂಡಿದ್ದೇನೆ. ಆದರೆ ಆ ನೆಗಡಿ ನನ್ನ ತಲೆಯೊಳಗೆ ಕೂತುಬಿಟ್ಟಿತ್ತು, ಏನಾದರೂ ಆದರೆ ಅದರಿಂದಲೇ ಆಗುತ್ತದೆ ಎಂಬಂತೆ.

ಮಾಸ್ಕಿನಲ್ಲಿ ಸೆವೊಫ್ಲುರೇನ್ ಕೊಟ್ಟು ಮಲಗಿಸಿದೆ. ರಕ್ತನಾಳಕ್ಕೆ ಸೂಜಿ, ನೋವಿನ ಮದ್ದು, ಸ್ನಾಯು ಸಡಿಲಿಸುವ ಮದ್ದು. ಕೂಸುಗಳ ತಲೆಯ ಹಿಂಭಾಗ ದೊಡ್ಡದು, ನಾಲಿಗೆ ದೊಡ್ಡದು, ಧ್ವನಿಪೆಟ್ಟಿಗೆ ಕುತ್ತಿಗೆಯಲ್ಲಿ ಎತ್ತರದಲ್ಲಿರುತ್ತದೆ. ಹಾಗಾಗಿ ಭುಜದ ಕೆಳಗೆ ಬಟ್ಟೆಯ ಸುರುಳಿ ಇಟ್ಟು, ಕುತ್ತಿಗೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಟ್ಯೂಬು ಹಾಕಿದೆ. 3.5 ಅಳತೆಯ, ಕಫ್ ಇರುವ ಟ್ಯೂಬು.

ಕಫ್ ಎಂದರೆ ಟ್ಯೂಬಿನ ತುದಿಯಲ್ಲಿ ಗಾಳಿ ತುಂಬಿದರೆ ಉಬ್ಬುವ ಪುಟ್ಟ ಬಲೂನು. ಎಂಟು ವರ್ಷದೊಳಗಿನ ಮಕ್ಕಳಿಗೆ ಕಫ್ ಇರುವ ಟ್ಯೂಬು ಹಾಕಲೇಬಾರದೆಂದು ನಮ್ಮ ಗುರುಗಳ ಕಾಲದಲ್ಲಿ ಕಲಿಸುತ್ತಿದ್ದರು. ನಾಳದ ಒಳಪದರ ಊದಿಕೊಂಡು ಉಸಿರು ಕಟ್ಟೀತೆಂಬ ಭಯ. ಆ ಭಯ ಹಳೆಯ ಗಡಸು ಟ್ಯೂಬುಗಳ ಕಾಲಕ್ಕೆ ನ್ಯಾಯವಾದದ್ದೇ. 2009ರಲ್ಲಿ ಯೂರೋಪಿನ 24 ಆಸ್ಪತ್ರೆಗಳಲ್ಲಿ ಐದು ವರ್ಷದೊಳಗಿನ 2,246 ಮಕ್ಕಳ ಮೇಲೆ ನಡೆದ ಅಧ್ಯಯನ ಪ್ರಕಟವಾದಾಗ ಚಿತ್ರ ಬದಲಾಯಿತು. ಟ್ಯೂಬು ತೆಗೆದ ಮೇಲೆ ಗಂಟಲು ಕಟ್ಟಿ ಗೊರಗೊರ ಶಬ್ದ ಬಂದ ಮಕ್ಕಳ ಪ್ರಮಾಣ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಇತ್ತು. ಅಳತೆ ಹೊಂದದೆ ಟ್ಯೂಬು ಬದಲಿಸಬೇಕಾಗಿ ಬಂದದ್ದು ಕಫ್ ಇಲ್ಲದ ಗುಂಪಿನಲ್ಲಿ ಶೇಕಡಾ 30.8, ಕಫ್ ಇರುವ ಗುಂಪಿನಲ್ಲಿ ಶೇಕಡಾ 2.1. ಹೊಟ್ಟೆಗೆ ಅನಿಲ ತುಂಬುವ ಆಪರೇಷನ್ನಿನಲ್ಲಂತೂ ಕಫ್ ಬೇಕೇ ಬೇಕು, ಇಲ್ಲದಿದ್ದರೆ ಒತ್ತಡ ಏರಿದಂತೆ ಶ್ವಾಸಕೋಶಕ್ಕೆ ಹೋಗಬೇಕಾದ ಗಾಳಿ ಪಕ್ಕದಿಂದ ಸೋರಿಹೋಗುತ್ತದೆ. ಕಫ್‌ನ ಒತ್ತಡ 20 ಸೆಂಟಿಮೀಟರ್ ನೀರಿನಷ್ಟನ್ನು ಮೀರಬಾರದು. ಅದನ್ನು ಬೆರಳಲ್ಲಿ ಒತ್ತಿ ನೋಡಿ ಹೇಳಲಾಗದು, ಅಳೆಯುವ ಮೀಟರು ಬೇಕು. ಆ ಮೀಟರಿಗೆ ಹೆಚ್ಚು ಹಣವಾಗುವುದಿಲ್ಲ. ಅದಿಲ್ಲದ ಆಪರೇಷನ್ ಥಿಯೇಟರುಗಳನ್ನು ಕಂಡಾಗ ನನಗೆ ಈಗಲೂ ಸಂಕಟವಾಗುತ್ತದೆ.

ಟ್ಯೂಬನ್ನು ಎಷ್ಟು ಆಳಕ್ಕೆ ಇಳಿಸಬೇಕೆಂಬುದಕ್ಕೆ ಒಂದು ಸೂತ್ರವಿದೆ. ವಯಸ್ಸಿನ ಅರ್ಧಕ್ಕೆ 12 ಕೂಡಿಸು, ತುಟಿಯ ಬಳಿ ಅಷ್ಟು ಸೆಂಟಿಮೀಟರು. ಈ ಮಗುವಿಗೆ ಹೆಚ್ಚುಕಮ್ಮಿ 12.5 ಬಂತು. ಆ ಸೂತ್ರ ಎರಡು ವರ್ಷ ದಾಟಿದ ಮಕ್ಕಳಿಗೆ ಹೊಂದುವಂಥದ್ದು, ಅದಕ್ಕಿಂತ ಚಿಕ್ಕವರಿಗೆ ಆಳವಾಗಬಹುದು. ಮೇಲಾಗಿ ಈ ಮಗು ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲ. ನಾನು ಎತ್ತರ ಅಳೆಯಲೇ ಇಲ್ಲ. ಎದೆಯ ಎರಡೂ ಬದಿ ಕೇಳಿದೆ, ಉಸಿರು ಸಮನಾಗಿತ್ತು. ತುಟಿಯ ಬಳಿ 12.5ರ ಗೆರೆ ಬರುವಂತೆ ಪ್ಲಾಸ್ಟರ್ ಅಂಟಿಸಿದೆ. ಭುಜದ ಕೆಳಗಿನ ಸುರುಳಿ ತೆಗೆದೆ. ತಲೆ ಸ್ವಲ್ಪ ಮುಂದಕ್ಕೆ ಬಂತು. ತಲೆ ಮುಂದಕ್ಕೆ ಬಾಗಿದರೆ ಟ್ಯೂಬಿನ ತುದಿ ಒಳಗೆ ಸರಿಯುತ್ತದೆ, ಹಿಂದಕ್ಕೆ ಬಾಗಿದರೆ ಮೇಲೆ ಬರುತ್ತದೆ. ಸುರುಳಿ ತೆಗೆದ ಮೇಲೆ ನಾನು ಮತ್ತೊಮ್ಮೆ ಎದೆ ಕೇಳಬೇಕಿತ್ತು. ಕೇಳಲಿಲ್ಲ.

ಲೈಟು ಆರಿಸಿದರು. ಅನಿಲ ತುಂಬಿದರು, ಒತ್ತಡ 8. ತಲೆಯ ಭಾಗ ತಗ್ಗಿತು. ಸರ್ಜನ್ ಮಗುವಿನ ಭುಜದ ಬಳಿಗೆ ಬಂದು ನಿಂತರು, ಕಾಲ ಕಡೆ ಇಟ್ಟ ಪರದೆ ನೋಡಲು ಅವರಿಗೆ ಅದೇ ಜಾಗ. ಇಷ್ಟು ಚಿಕ್ಕ ಮಗುವಿನಲ್ಲಿ ಆ ಜಾಗ ಅವರಿಗೆ ಹೋದರೆ ಅರಿವಳಿಕೆಯವನು ತಲೆಯಿಂದ ದೂರವಾಗುತ್ತಾನೆ. ಹಸಿರು ಬಟ್ಟೆಯ ಅಡಿ ಮಗುವಿನ ಎದೆ ಏರಿಳಿಯುವುದೂ ಕಾಣುವುದಿಲ್ಲ. ನನ್ನ ಪಾಲಿಗೆ ಮಗು ಎಂದರೆ ಆಗ ಮಾನಿಟರಿನ ಮೇಲಿನ ಗೆರೆಗಳು ಮಾತ್ರ.

ಕೆಲ ನಿಮಿಷಗಳಲ್ಲಿ ಆಕ್ಸಿಜನ್ 99ರಿಂದ 96ಕ್ಕೆ ಬಂತು. ಗಾಳಿ ತಳ್ಳುವ ಒತ್ತಡ 16ರಿಂದ 24ಕ್ಕೇರಿತು. ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ನಿಧಾನಕ್ಕೆ ಹತ್ತುತ್ತಿತ್ತು. ಮೂರಕ್ಕೂ ನನ್ನ ಬಳಿ ಉತ್ತರವಿತ್ತು: ಹೊಟ್ಟೆಗೆ ಅನಿಲ ತುಂಬಿದೆ, ವಪೆ ಮೇಲೇರಿದೆ, ಆಗುವುದೇ ಹೀಗೆ. ಸುಳ್ಳಲ್ಲ, ಪ್ರತಿ ಮಗುವಿನಲ್ಲೂ ಸ್ವಲ್ಪ ಮಟ್ಟಿಗೆ ಹೀಗೇ ಆಗುತ್ತದೆ. ಅಪಾಯ ಅಡಗಿ ಕೂರಲು ಇಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

ಆಕ್ಸಿಜನ್ನಿನ ಪ್ರಮಾಣವನ್ನು ನೂರಕ್ಕೆ ಏರಿಸಿದೆ. ಅಂಕಿ 97ಕ್ಕೆ ಬಂತು. ನನಗೆ ಸಮಾಧಾನವಾಯಿತು. ನಾನು ಮಾಡಿದ ಕೆಲಸಗಳಲ್ಲಿ ಅತ್ಯಂತ ಸಹಜವಾಗಿ ಕಂಡದ್ದು ಇದೇ, ಹೆಚ್ಚು ಹಾನಿ ಮಾಡಿದ್ದೂ ಇದೇ. ಒಂದೇ ಶ್ವಾಸಕೋಶ ಕೆಲಸ ಮಾಡುತ್ತಿದ್ದರೂ ಪೂರ್ತಿ ಆಕ್ಸಿಜನ್ ಕೊಟ್ಟರೆ ಅಂಕಿ ಸ್ವಲ್ಪ ಹೊತ್ತು ಚೆನ್ನಾಗಿಯೇ ನಿಲ್ಲಬಹುದು. ಅಷ್ಟರಲ್ಲಿ ಗಾಳಿ ಹೋಗದ ಇನ್ನೊಂದು ಶ್ವಾಸಕೋಶ ಒಳಗೊಳಗೇ ಮುದುಡಿಕೊಳ್ಳುತ್ತದೆ. ಆಕ್ಸಿಜನ್ ಹೆಚ್ಚಿಸುವುದು ತಪ್ಪಲ್ಲ, ಮೊದಲು ಅದನ್ನೇ ಮಾಡಬೇಕು. ಆದರೆ ಹೆಚ್ಚಿಸಿದೊಡನೆ ಕಾರಣ ಹುಡುಕುವುದನ್ನು ನಿಲ್ಲಿಸಿದೆನಲ್ಲ, ತಪ್ಪು ಅಲ್ಲಿ.

ಅಂಕಿ ಮತ್ತೆ ಇಳಿಯಿತು. 93. 91. ಪಲ್ಸ್ ಆಕ್ಸಿಮೀಟರಿನ ಬೀಪ್ ಶಬ್ದ ಆಕ್ಸಿಜನ್ ಇಳಿದಂತೆ ತಗ್ಗುತ್ತ ಹೋಗುತ್ತದೆ. ಜಪಾನಿನ ತಕುವೊ ಅಯೊಯಾಗಿ 1970ರ ದಶಕದಲ್ಲಿ ಈ ಅಳತೆಯ ತತ್ತ್ವ ಕಂಡುಹಿಡಿದರು. ಅದರಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ಆದರೆ ಆ ಯಂತ್ರ ಆಕ್ಸಿಜನ್ ಇಳಿದಿದೆ ಎಂದಷ್ಟೇ ಹೇಳಬಲ್ಲದು. ಏಕೆ ಎಂಬುದನ್ನು ಮನುಷ್ಯ ಹೇಳಬೇಕು.

ಇಂಥ ಹೊತ್ತಿಗೆ ನಾವು ನೆನಪಿಡುವ ನಾಲ್ಕು ಅಕ್ಷರಗಳಿವೆ: ಡಿ, ಓ, ಪಿ, ಇ. ಟ್ಯೂಬು ಜಾಗ ತಪ್ಪಿದೆಯೇ, ಟ್ಯೂಬು ಕಟ್ಟಿಕೊಂಡಿದೆಯೇ, ಎದೆಯೊಳಗೆ ಗಾಳಿ ಸೋರಿ ಶ್ವಾಸಕೋಶ ಕುಸಿದಿದೆಯೇ, ಯಂತ್ರ ಕೆಟ್ಟಿದೆಯೇ. ನಾನು ಮೊದಲನೆಯದನ್ನೇ ನೋಡಿದೆ. ಬಟ್ಟೆ ಎತ್ತಿ, ಟಾರ್ಚ್ ಬಿಟ್ಟು, ತುಟಿಯ ಬಳಿ ಗೆರೆ ನೋಡಿದೆ. 12.5. ಪ್ಲಾಸ್ಟರ್ ಬಿಟ್ಟಿರಲಿಲ್ಲ, ಒದ್ದೆಯಾಗಿರಲಿಲ್ಲ. ಟ್ಯೂಬು ಹಾಕಿದ ಜಾಗದಲ್ಲೇ ಇದೆ ಎಂದುಕೊಂಡು ಆ ಅಕ್ಷರವನ್ನು ಮನಸ್ಸಿನಲ್ಲೇ ಹೊಡೆದುಹಾಕಿದೆ.

ಟ್ಯೂಬು ನಿಜಕ್ಕೂ ಜರುಗಿರಲಿಲ್ಲ. ಮಗು ಜರುಗಿತ್ತು. ವಪೆ ಮೇಲೇರಿದಾಗ ಅದರ ಜೊತೆ ಶ್ವಾಸಕೋಶ, ಶ್ವಾಸಕೋಶದ ಜೊತೆ ನಾಳದ ಕವಲು, ಎಲ್ಲವೂ ತಲೆಯ ಕಡೆಗೆ ಸರಿಯುತ್ತವೆ. ಟ್ಯೂಬು ಮಾತ್ರ ತುಟಿಗೆ ಅಂಟಿ ನಿಂತಿರುತ್ತದೆ. ಬಾವಿಯ ಹಗ್ಗವನ್ನು ಅಷ್ಟೇ ಉದ್ದಕ್ಕೆ ಬಿಗಿದಿದ್ದರೂ ಮಳೆಗೆ ನೀರು ಮೇಲೆ ಬಂದರೆ ಕೊಡ ತಾನಾಗಿ ಮುಳುಗುತ್ತದಲ್ಲ, ಹಾಗೆ. ಸೂತ್ರದಿಂದ ಸ್ವಲ್ಪ ಆಳ, ಸುರುಳಿ ತೆಗೆದದ್ದರಿಂದ ಇನ್ನು ಸ್ವಲ್ಪ, ಅನಿಲ ತುಂಬಿ ತಲೆ ತಗ್ಗಿಸಿದ್ದರಿಂದ ಮತ್ತೆ ಸ್ವಲ್ಪ. ಒಂದೊಂದೂ ಅರ್ಧ ಸೆಂಟಿಮೀಟರಿನ ಮಾತು. ಯಾವುದೊಂದೂ ತಾನೇ ಅಪಾಯ ತರುವಂಥದ್ದಲ್ಲ. ಮೂರೂ ಸೇರಿದಾಗ ತುದಿ ಬಲಗವಲಿಗೆ ಇಳಿದಿತ್ತು.

ಎದೆಯನ್ನೂ ಕೇಳಿದೆ, ಕೇಳಲಿಲ್ಲವೆಂದಲ್ಲ. ಬಟ್ಟೆಯ ಅಡಿ ಕೈ ತೂರಿಸಿ ಸ್ಟೆತಸ್ಕೋಪನ್ನು ಬಲ ಕಂಕುಳ ಬಳಿ ಇಟ್ಟೆ, ಉಸಿರು ಚೆನ್ನಾಗಿ ಕೇಳಿತು. ಎಡಗಡೆ ಸರ್ಜನ್ನರ ಮೊಣಕೈ ಅಡ್ಡವಿತ್ತು. ಅವರನ್ನು ಸರಿಯಿರಿ ಎನ್ನದೆ ಎದೆಯ ನಡುವಿಗೆ ಹತ್ತಿರದಲ್ಲೇ ಇಟ್ಟು ಕೇಳಿದೆ. ಅಲ್ಲೂ ಕೇಳಿತು. ಪುಟ್ಟ ಮಕ್ಕಳ ತೆಳು ಎದೆಯಲ್ಲಿ ಒಂದು ಬದಿಯ ಶಬ್ದ ಇನ್ನೊಂದು ಬದಿಗೆ ಹಾಯುತ್ತದೆ. ಎರಡೂ ಕಂಕುಳಲ್ಲಿ ಕೇಳಿ ಹೋಲಿಸದಿದ್ದರೆ ಆ ಕೇಳಿಕೆಗೆ ಬೆಲೆಯಿಲ್ಲ. ನನಗೆ ಬಲಗಡೆ ಸಣ್ಣ ಸಿಳ್ಳೆಯ ಹಾಗೆ ಏನೋ ಕೇಳಿದಂತಾಯಿತು. ನೆಗಡಿ ನೆನಪಾಯಿತು. ಉಸಿರ್ಗೊಳವೆಗಳು ಸೆಟೆದುಕೊಂಡಿವೆ, ಅದೇ ಕಾರಣ ಎಂದು ತೀರ್ಮಾನಿಸಿದೆ.

ಆ ತೀರ್ಮಾನವನ್ನು ಸುಳ್ಳು ಮಾಡುವ ಸಾಕ್ಷಿ ನನ್ನ ಮುಂದೆಯೇ ಓಡುತ್ತಿತ್ತು. ಉಸಿರ್ಗೊಳವೆ ಸೆಟೆದುಕೊಂಡರೆ, ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಅಲೆಯಾಗಿ ತೋರಿಸುವ ಕ್ಯಾಪ್ನೋಗ್ರಾಫ್‌ನ ಅಲೆಯ ಮೇಲ್ಭಾಗ ಸಮತಟ್ಟಾಗಿರದೆ ಓರೆಯಾಗಿ ಏರುತ್ತದೆ. ಅಂದಿನ ಅಲೆ ಚೌಕಾಕಾರವಾಗಿಯೇ ಇತ್ತು. ನಾನು ಅದನ್ನು ನೋಡಿದೆ. ಟ್ಯೂಬು ಶ್ವಾಸನಾಳದಲ್ಲೇ ಇದೆ ಎಂಬುದಕ್ಕೆ ಸಾಕ್ಷಿಯಾಗಿ ಅದನ್ನು ಬಳಸಿಕೊಂಡೆ. ಅನ್ನನಾಳಕ್ಕೆ ಹೋದ ಟ್ಯೂಬನ್ನು ಕ್ಯಾಪ್ನೋಗ್ರಾಫ್ ಹಿಡಿದುಕೊಡುತ್ತದೆ. ಒಂದೇ ಶ್ವಾಸಕೋಶಕ್ಕೆ ಇಳಿದ ಟ್ಯೂಬನ್ನು ಅದು ಹಿಡಿದುಕೊಡುವುದಿಲ್ಲ. ನನಗೆ ಬೇಕಾದ ಉತ್ತರಕ್ಕೆ ಒಪ್ಪುವುದನ್ನೆಲ್ಲ ಎತ್ತಿಕೊಂಡೆ, ಒಪ್ಪದ್ದನ್ನು ಕಂಡೂ ಬಿಟ್ಟೆ. ಉಸಿರ್ಗೊಳವೆ ಸಡಿಲಿಸುವ ಸಾಲ್ಬುಟಮಾಲ್ ಕೊಟ್ಟೆ. ಅರಿವಳಿಕೆ ಆಳ ಮಾಡಿದೆ. ಕಾದೆ.

84ಕ್ಕೆ ಇಳಿಯಿತು. ಹೃದಯದ ಬಡಿತ 140ರಿಂದ ನೂರರ ಕೆಳಗೆ ಬಂತು. ಕೂಸಿನ ಬಡಿತ ಇಳಿಯಿತೆಂದರೆ ಆಕ್ಸಿಜನ್ ಕೊರತೆ ಹೃದಯಕ್ಕೇ ತಟ್ಟಿದೆ ಎಂದು ಮೊದಲು ಭಾವಿಸಬೇಕು. ಆಗ ಕೂಗಿದೆ, “ಗ್ಯಾಸ್ ಬಿಡಿ ಸರ್, ಬೇಗ.” ಸರ್ಜನ್ ಕೂಡಲೇ ವಾಲ್ವ್ ತೆರೆದರು. ಟೇಬಲ್ ಸಮ ಮಾಡಿದೆವು. ಅಂಕಿ ನಿಧಾನವಾಗಿ ಹತ್ತಿತು, ಬಡಿತ ಮರಳಿತು. ಅಂದರೆ ಅನಿಲದ ಒತ್ತಡವೇ ಹೆಚ್ಚಾಗಿತ್ತು ಎಂದು ಎರಡನೆಯ ತಪ್ಪು ಉತ್ತರಕ್ಕೆ ಬಂದೆ. ಒತ್ತಡ 6ಕ್ಕೆ ಇಳಿಸಿ ಮತ್ತೆ ಶುರು ಮಾಡಲು ಹೇಳಿದೆ. ಅಂಕಿ ಮತ್ತೆ ಜಾರತೊಡಗಿತು.

ಆಗ ನನ್ನ ಬಳಿ ಉತ್ತರ ಉಳಿಯಲಿಲ್ಲ. “ಸರ್, ಆಕ್ಸಿಜನ್ ಇಳೀತಾ ಇದೆ. ಯಾಕೆ ಅಂತ ನನಗೆ ಗೊತ್ತಾಗ್ತಾ ಇಲ್ಲ” ಎಂದೆ. ಅಲ್ಲಿಯವರೆಗೂ ಥಿಯೇಟರಿನಲ್ಲಿ ಯಾರಿಗೂ ನಾನು ಹಾಗೆ ಹೇಳಿರಲಿಲ್ಲ. “ಸ್ವಲ್ಪ ಇಳಿದಿದೆ, ನೋಡ್ಕೋತೀನಿ” ಎನ್ನುತ್ತಲೇ ಇದ್ದೆ. ಸರ್ಜನ್ ಬೀಜದ ಕಡೆಗಿದ್ದ ಕ್ಯಾಮೆರಾವನ್ನು ಮೇಲಕ್ಕೆ ತಿರುಗಿಸಿದರು. ಎದೆಯೊಳಗೆ ಗಾಳಿ ಸೋರಿದ್ದರೆ ವಪೆ ಕೆಳಕ್ಕೆ ಉಬ್ಬಿರುತ್ತದೆ, ಅದನ್ನು ನೋಡಲು. ಉಬ್ಬಿರಲಿಲ್ಲ. ಆದರೆ ಅವರು ಕ್ಯಾಮೆರಾ ತೆಗೆಯದೆ ಕೆಲ ಉಸಿರುಗಳಷ್ಟು ಹೊತ್ತು ಅಲ್ಲೇ ಹಿಡಿದರು. “ನೋಡಿ, ಬಲಗಡೆ ಡಯಾಫ್ರಂ ಪ್ರತಿ ಉಸಿರಿಗೂ ಕೆಳಗೆ ಬರ್ತಿದೆ. ಎಡಗಡೆಯದು ಅಲ್ಲಾಡ್ತಾನೇ ಇಲ್ಲ.”

ಪರದೆಯ ಮೇಲೆ ಅದು ಎಷ್ಟು ಸ್ಪಷ್ಟವಾಗಿತ್ತೆಂದರೆ ವಿವರಣೆ ಬೇಕಿರಲಿಲ್ಲ. ಕಫ್‌ನ ಗಾಳಿ ತೆಗೆದು ಟ್ಯೂಬನ್ನು ಒಂದು ಸೆಂಟಿಮೀಟರು ಮೇಲಕ್ಕೆಳೆದೆ, ಮತ್ತೆ ಕಟ್ಟಿದೆ. ಕೈಯಿಂದ ಬ್ಯಾಗು ಒತ್ತಿ ನಿಧಾನವಾದ ದೀರ್ಘ ಉಸಿರುಗಳನ್ನು ಕೊಟ್ಟೆ, ಮುದುಡಿದ ಎಡ ಶ್ವಾಸಕೋಶ ಬಿಚ್ಚಿಕೊಳ್ಳಲಿ ಎಂದು. ಎಡಗಡೆಯ ವಪೆ ಅಲುಗಿತು. ಅಂಕಿ 99ಕ್ಕೆ ಬಂತು, ಮತ್ತೆ ಇಳಿಯಲಿಲ್ಲ.

ಬೀಜ ಹೊಟ್ಟೆಯೊಳಗೆ ಎತ್ತರದಲ್ಲಿತ್ತು, ಅದರ ರಕ್ತನಾಳಗಳು ಗಿಡ್ಡವಾಗಿದ್ದವು. ಒಂದೇ ಸಲಕ್ಕೆ ಕೆಳಗೆಳೆಯಲಾಗದು. ಹಾಗಿದ್ದಾಗ ಮೊದಲು ಆ ರಕ್ತನಾಳ ಕಟ್ಟಿ, ಬೇರೆ ಸಣ್ಣ ನಾಳಗಳಿಂದ ರಕ್ತ ಹರಿಯುವುದು ಬಲಗೊಳ್ಳಲು ಸುಮಾರು ಆರು ತಿಂಗಳು ಬಿಟ್ಟು, ಆಮೇಲೆ ಇಳಿಸುತ್ತಾರೆ. ಅಂದಿಗೆ ಅಷ್ಟೇ ಮಾಡಿ ಮುಗಿಸಿದರು. ಮಗು ಎಚ್ಚರವಾಗಿ ಜೋರಾಗಿ ಅತ್ತಿತು. ಮರುದಿನದ ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶ ಸ್ವಚ್ಛವಾಗಿದ್ದವು.

ಇಲ್ಲಿಯವರೆಗಿನದು ಅರಿವಳಿಕೆಯ ತಪ್ಪು. ಇದರ ಮುಂದಿನದು ಅದಕ್ಕಿಂತ ದೊಡ್ಡದೆಂದು ನನಗನಿಸುತ್ತದೆ. ಕೇಸ್ ಶೀಟಿನಲ್ಲಿ ನಾನು ಬರೆದದ್ದು: ಹೊಟ್ಟೆಗೆ ಅನಿಲ ತುಂಬಿದಾಗ ಆಕ್ಸಿಜನ್ ಇಳಿಯಿತು, ಚಿಕಿತ್ಸೆಯಿಂದ ಸರಿಹೋಯಿತು. ಪ್ರತಿ ಪದವೂ ನಿಜ. ಟ್ಯೂಬಿನ ಮಾತಿಲ್ಲ. ತಾಯಿಗೂ ಅಷ್ಟೇ ಹೇಳಿದೆ, “ನಡುವೆ ಸ್ವಲ್ಪ ಆಕ್ಸಿಜನ್ ಕಡಿಮೆ ಆಗಿತ್ತಮ್ಮ, ಈಗ ಚೆನ್ನಾಗಿದ್ದಾನೆ.” ಅವಳು ಕೈಮುಗಿದಳು. ಆ ಕೈಮುಗಿತವನ್ನು ನಾನು ಸ್ವೀಕರಿಸಿದೆ.

ಆಮೇಲೆ ಕಲಿತ ಮೊದಲ ಪಾಠವೂ ತಪ್ಪೇ ಆಗಿತ್ತು. ಟ್ಯೂಬೇ ಬೇಡವೆನಿಸಿತು. ಲಂಡನ್ನಿನ ಆರ್ಚಿ ಬ್ರೈನ್ 1980ರ ದಶಕದ ಆರಂಭದಲ್ಲಿ ರೂಪಿಸಿದ ಲಾರಿಂಜಿಯಲ್ ಮಾಸ್ಕ್ ಧ್ವನಿಪೆಟ್ಟಿಗೆಯ ಬಾಯಿಗೆ ಕೂರುತ್ತದೆ, ಶ್ವಾಸನಾಳದೊಳಗೆ ಇಳಿಯುವುದೇ ಇಲ್ಲ. ಒಂದೇ ಶ್ವಾಸಕೋಶಕ್ಕೆ ಹೋಗುವ ಪ್ರಶ್ನೆಯೇ ಇಲ್ಲ. ಹೊಟ್ಟೆಯ ದ್ರವ ಹೊರಹೋಗಲು ಬೇರೆ ದಾರಿಯಿರುವ ಅದರ ಹೊಸ ಮಾದರಿಯನ್ನು ಮಕ್ಕಳ ಕೀಹೋಲ್ ಆಪರೇಷನ್ನಿನಲ್ಲಿ ಬಳಸಿ ಒಳ್ಳೆಯ ಫಲ ಕಂಡ ವೈದ್ಯರು ನಮ್ಮ ದೇಶದಲ್ಲೂ ಇದ್ದಾರೆ. ಆಯ್ದ ಮಕ್ಕಳಲ್ಲಿ, ಚಿಕ್ಕ ಅವಧಿಯ ಕೆಲಸಕ್ಕೆ, ಅದರಲ್ಲಿ ನುರಿತವರ ಕೈಯಲ್ಲಿ ಅದು ಒಳ್ಳೆಯ ಸಾಧನವೇ. ಆದರೆ ನಾನು ಅದರ ಕಡೆ ಹೋದದ್ದು ನುರಿತು ಅಲ್ಲ, ಹೆದರಿ. ತಲೆ ತಗ್ಗಿಸಿ ಹೊಟ್ಟೆಗೆ ಅನಿಲ ತುಂಬಿದ ಕೂಸಿನಲ್ಲಿ ಒತ್ತಡ ಏರಿದಂತೆ ಮಾಸ್ಕಿನ ಸುತ್ತ ಗಾಳಿ ಸೋರಬಹುದು, ಹೊಟ್ಟೆ ಉಬ್ಬಬಹುದು, ಕತ್ತಲಲ್ಲಿ, ತಲೆಯಿಂದ ದೂರ ನಿಂತಾಗ, ಅದು ಜರುಗಿದರೆ ಮತ್ತೆ ಕೂರಿಸುವುದು ಕಷ್ಟ. ಒಂದು ಅಪಾಯ ಕಂಡವನು ಇನ್ನೊಂದರ ಲೆಕ್ಕ ಹಾಕದೆ ಓಡಿದ್ದೆ. ಮಕ್ಕಳ ಅರಿವಳಿಕೆಯಲ್ಲೇ ಜೀವನ ಕಳೆದ ಹಿರಿಯರೊಬ್ಬರ ಮುಂದೆ ಎಲ್ಲ ಹೇಳಿಕೊಂಡೆ. ಅವರು ಮಾಸ್ಕಿನ ಮಾತನ್ನೇ ಎತ್ತಲಿಲ್ಲ. “ಗ್ಯಾಸ್ ತುಂಬಿದ ಮೇಲೆ ಎಡ ಕಂಕುಳಲ್ಲಿ ಕೇಳಿದ್ಯಾ?” ಎಂದಷ್ಟೇ ಕೇಳಿದರು.

ಅವರ ಕಾಲದಲ್ಲಿ ಮಗುವಿನ ಎಡ ಎದೆಗೆ ಸ್ಟೆತಸ್ಕೋಪಿನ ತಟ್ಟೆಯನ್ನು ಪ್ಲಾಸ್ಟರ್ ಹಾಕಿ ಅಂಟಿಸಿ, ಉದ್ದನೆ ರಬ್ಬರ್ ಕೊಳವೆಯ ಇನ್ನೊಂದು ತುದಿಯನ್ನು ಆಪರೇಷನ್ ಮುಗಿಯುವವರೆಗೂ ಕಿವಿಯಲ್ಲಿಟ್ಟುಕೊಂಡೇ ಇರುತ್ತಿದ್ದರು. ಮಾನಿಟರುಗಳು ಬಂದ ಮೇಲೆ ಅದು ಮೂಲೆ ಸೇರಿತು. ಬಟ್ಟೆ ಹೊದಿಸುವ ಮುಂಚೆಯೇ ಅದನ್ನು ಎಡ ಕಂಕುಳ ಬಳಿ ಅಂಟಿಸಿದರೆ ಸರ್ಜನ್ನರ ಮೊಣಕೈ ಎಲ್ಲಿದ್ದರೂ ಚಿಂತೆಯಿಲ್ಲ. ಟ್ಯೂಬು ಬಲಕ್ಕೆ ಇಳಿದ ಕ್ಷಣ ಕಿವಿಯಲ್ಲಿ ಉಸಿರು ಕ್ಷೀಣಿಸುತ್ತದೆ, ಆಕ್ಸಿಜನ್ ಅಂಕಿ ಇಳಿಯುವುದಕ್ಕೂ ಮೊದಲೇ. ಇಷ್ಟು ಅಗ್ಗದ, ಕರೆಂಟು ಬೇಡದ ಉಪಾಯವನ್ನು ನಮ್ಮ ಜಿಲ್ಲಾ, ತಾಲೂಕು ಮಟ್ಟದ ಥಿಯೇಟರುಗಳು ಯಾಕೆ ಬಿಟ್ಟವೋ ತಿಳಿಯದು. ನಾನು ಮತ್ತೆ ಎತ್ತಿಕೊಂಡೆ. ಸೂತ್ರದ ಬದಲು ಬೇರೆ ದಾರಿ ಹಿಡಿದೆ: ಟ್ಯೂಬನ್ನು ಬೇಕೆಂದೇ ಇಳಿಸಿ, ಎಡಗಡೆ ಶಬ್ದ ಕುಗ್ಗುವ ಜಾಗ ಕಂಡು, ಅಲ್ಲಿಂದ ಅಳೆದು ಮೇಲಕ್ಕೆಳೆದು ಕಟ್ಟುತ್ತೇನೆ. ಅನಿಲ ತುಂಬಿ ತಲೆ ತಗ್ಗಿಸಿದ ಮೇಲೆ ಮತ್ತೆ ಕೇಳುವವರೆಗೆ ಸರ್ಜನ್ ಮುಂದುವರಿಯುವುದಿಲ್ಲ. ಇದನ್ನು ಅವರೊಂದಿಗೆ ಮೊದಲೇ ಮಾತಾಡಿಕೊಂಡಿದ್ದೇನೆ.

ಬಾಯಿ ಬಿಟ್ಟು ಹೇಳುವುದರ ಬಗ್ಗೆ ನಾನು ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದವನು. 2005ರಲ್ಲಿ ಇಂಗ್ಲೆಂಡಿನ ಎಲೇನ್ ಬ್ರೊಮಿಲಿ ಎಂಬ ತಾಯಿ ಮೂಗಿನ ಸಾಮಾನ್ಯ ಆಪರೇಷನ್ನಿಗೆಂದು ಹೋಗಿ ತೀರಿಕೊಂಡರು. ಅನುಭವಿ ವೈದ್ಯರು ಸುತ್ತಲಿದ್ದರು. ಅವರು ಟ್ಯೂಬು ಹಾಕುವ ಪ್ರಯತ್ನದಲ್ಲೇ ಮುಳುಗಿದ್ದರು. ಕುತ್ತಿಗೆಯಲ್ಲಿ ರಂಧ್ರ ಮಾಡುವ ಸಲಕರಣೆಯನ್ನು ನರ್ಸು ತಂದಿಟ್ಟಿದ್ದರೂ ಅದು ಬಳಕೆಯಾಗಲಿಲ್ಲ. ಎಲೇನ್ ಅವರ ಗಂಡ ಮಾರ್ಟಿನ್ ಪೈಲಟ್. ಯಾರಿಗೂ ಶಿಕ್ಷೆ ಬೇಡ, ಏನಾಯಿತೆಂದು ತಿಳಿಯಬೇಕು, ಬೇರೆಯವರು ಕಲಿಯಬೇಕು ಎಂದು ಪಟ್ಟುಹಿಡಿದು, ಆ ಸಾವಿನ ವಿವರವನ್ನು ಲೋಕದ ಮುಂದಿಟ್ಟರು. ಆ ಕತೆಯನ್ನು ನಾನು ಕ್ಲಾಸಿನಲ್ಲಿ ಗದ್ಗದಿತನಾಗಿ ಹೇಳುತ್ತಿದ್ದೆ. ನನ್ನ ಸರದಿ ಬ‌ಂದಾಗ, ಗೊತ್ತಾಗುತ್ತಿಲ್ಲ ಎಂಬ ಒಂದು ಮಾತು ಬಾಯಿಗೆ ಬರಲು ಮಗುವಿನ ಹೃದಯ ನಿಧಾನವಾಗಬೇಕಾಯಿತು.

ಆರು ತಿಂಗಳ ಮೇಲೆ ಎರಡನೆಯ ಹಂತಕ್ಕೆ ಅದೇ ಮಗು ಬಂತು. ಫೈಲು ನನ್ನ ಕೈಗೇ ಬಂತು. ನನ್ನದೇ ಸಾಲು ಓದಿದೆ. ನನ್ನ ಬದಲು ಬೇರೆಯವರು ಬಂದಿದ್ದರೆ ಆ ಸಾಲಿನಿಂದ ಅವರಿಗೆ ತಿಳಿಯುತ್ತಿದ್ದದ್ದು ಅನಿಲದ ಒತ್ತಡ ಕಡಿಮೆ ಇಡಬೇಕೆಂದು ಮಾತ್ರ. ಹಳೆಯ ಸಾಲನ್ನು ಹಾಗೇ ಬಿಟ್ಟು, ಅದರ ಕೆಳಗೆ ನಡೆದದ್ದನ್ನು ಪೂರ್ತಿ ಬರೆದು, ಅಂದಿನ ತಾರೀಖು ಹಾಕಿ ಸಹಿ ಮಾಡಿದೆ. ಸಂಜೆ ವಾರ್ಡಿಗೆ ಹೋಗಿ ತಂದೆತಾಯಿಯರನ್ನು ಕೂರಿಸಿಕೊಂಡು ಹೇಳಿದೆ. ಟ್ಯೂಬು ಒಂದೇ ಕಡೆಗೆ ಇಳಿದಿತ್ತು, ಗುರುತಿಸಲು ನಾನು ತಡಮಾಡಿದೆ, ಆಗ ನಿಮಗೆ ಇದನ್ನು ಹೇಳಲಿಲ್ಲ.

ತಾಯಿ ಮೊದಲು ಕೇಳಿದ್ದು, “ಕೂಸಿನ ಮೆದುಳಿಗೆ ಏನರ ಆಗೇತೇನ್ರಿ?” ಮಗು ನಡೆಯುತ್ತಿತ್ತು, ಅಜ್ಜಿಯ ಸೆರಗು ಹಿಡಿದು ಎಳೆಯುತ್ತಿತ್ತು, ಪದಗಳನ್ನು ಆಡುತ್ತಿತ್ತು. ತೊಂದರೆಯ ಯಾವ ಗುರುತೂ ಇಲ್ಲ ಎಂದೆ, ಮಕ್ಕಳ ವೈದ್ಯರಿಗೂ ತೋರಿಸೋಣ ಎಂದೆ. ತೋರಿಸಿದೆವು.

ತಂದೆ ಬಹಳ ಹೊತ್ತು ಸುಮ್ಮನಿದ್ದ. “ಆಗ ಯಾಕ ಹೇಳ್ಲಿಲ್ರಿ ಸರ?”

“ಹೆದರಿದ್ದೆ” ಎಂದೆ. ಅವನು ಅದಕ್ಕೆ ಏನೂ ಅನ್ನಲಿಲ್ಲ. ಬೇರೆ ಡಾಕ್ಟರು ಬೇಕೆಂದರೆ ವ್ಯವಸ್ಥೆ ಮಾಡುತ್ತೇನೆಂದೆ. ಗಂಡ ಹೆಂಡತಿ ಹೊರಗೆ ಹೋಗಿ ಮಾತಾಡಿಕೊಂಡು ಬಂದರು. “ಬ್ಯಾರೆಯವ್ರಿಗೆ ಇದು ಗೊತ್ತಿರಂಗಿಲ್ಲಲ್ರಿ. ನೀವ ಇರ್ರಿ. ಆದ್ರ ಈ ಸಲ ಮುಗಿದ ಕೂಡ್ಲೆ ಬಂದ ಹೇಳಬೇಕ್ ನೋಡ್ರಿ, ಛಲೋ ಆದ್ರೂ, ಕೆಟ್ಟ ಆದ್ರೂ.”

ಈ ಸಲ ಎತ್ತರ ಅಳೆದೆ. 4.0 ಅಳತೆಯ ಟ್ಯೂಬು, ತುಟಿಯ ಬಳಿ 12. ಸುರುಳಿ ತೆಗೆದ ಮೇಲೆ ಕೇಳಿದೆ, ಎರಡೂ ಬದಿ ಸಮ. ಅನಿಲ ತುಂಬಿ ತಲೆ ತಗ್ಗಿಸಿದ ಮೇಲೆ ಕಿವಿಯಲ್ಲಿದ್ದ ಎಡಗಡೆಯ ಉಸಿರು ಮಂದವಾಯಿತು. ಆಕ್ಸಿಜನ್ ಇನ್ನೂ 99 ಇತ್ತು. “ಸ್ವಲ್ಪ ನಿಲ್ಲಿ ಸರ್” ಎಂದೆ, ಅವರು ಕೈ ಎತ್ತಿ ನಿಂತರು. ಅರ್ಧ ಸೆಂಟಿಮೀಟರು ಎಳೆದೆ. ಉಸಿರು ತುಂಬಿಕೊಂಡಿತು. ಬೀಜ ಚೀಲಕ್ಕೆ ಇಳಿಯಿತು.

ಮುಗಿದ ಕೂಡಲೇ ಹೊರಬಂದು ಹೇಳಿದೆ, ಅರ್ಧ ಸೆಂಟಿಮೀಟರಿನದನ್ನೂ ಸೇರಿಸಿ. ತಂದೆ ಎಲ್ಲ ಕೇಳಿ, “ಇದನ್ನ ಒಂದ ಚೀಟಿ ಮ್ಯಾಲ ಬರ್ದ ಕೊಡ್ರಿ, ಮುಂದ ಎಲ್ಲೆರ ಆಪರೇಷನ್ ಅಂದ್ರ ತೋರಸ್ತೀವಿ” ಎಂದ. ಬರೆದುಕೊಟ್ಟೆ: ವಯಸ್ಸು, ಎತ್ತರ, ಟ್ಯೂಬಿನ ಅಳತೆ, ತುಟಿಯ ಬಳಿ 12, ಹೊಟ್ಟೆಗೆ ಅನಿಲ ತುಂಬಿ ತಲೆ ತಗ್ಗಿಸಿದಾಗ ಎಡಗಡೆ ಉಸಿರು ಕ್ಷೀಣ, 11.5ಕ್ಕೆ ಎಳೆದ ಮೇಲೆ ಸರಿ. ಹಿಂದಿನ ಸಲ ಟ್ಯೂಬು ಬಲ ಶ್ವಾಸಕೋಶಕ್ಕೆ ಇಳಿದಿತ್ತು, ಗುರುತಿಸಲು ತಡವಾಯಿತು.

ಅವನು ಅದನ್ನು ಮಡಿಚಿ ತಾಯಿ ಕಾರ್ಡಿನೊಳಗೆ ಇಟ್ಟ. ಆಮೇಲೆ ಏನೋ ಹೊಳೆದಂತೆ ಕೇಳಿದ, “ದೊಡ್ಡಾವ ಆದ ಮ್ಯಾಲೂ ಇದ ಲೆಕ್ಕ ನಡೀತೈತೇನ್ರಿ?” ಇಲ್ಲ, ಬೆಳೆದಂತೆ ನಾಳವೂ ಬೆಳೆಯುತ್ತದೆ, ಆಗ ಹೊಸದಾಗಿ ಅಳೆದು ನೋಡಬೇಕು ಎಂದೆ. ಚೀಟಿಯನ್ನು ಮತ್ತೆ ಹೊರತೆಗೆದು ನನ್ನ ಮುಂದೆ ಹಿಡಿದ. “ಹಂಗಿದ್ರ ಅದನ್ನೂ ಬರೀರಿ.”

ಬರೆದೆ.